ದೊಡ್ಡ ಕಂಪನಿಯ ಆ್ಯಪ್ ಕಲಿಸಿಕೊಟ್ಟಿದ್ದು

ಮಂಡಿಪೇಟೆಯಲ್ಲಿ ಖಾದರ್ ಸಾಬ್ರ ಸಗಟು ದಿನಸಿ ಅಂಗಡಿಗೆ ಅವತ್ತು ನಾನು ಹೋಗಿದ್ದು ನನ್ನ ಆ್ಯಪ್‌ಗೆ ಸೇರಿಸಿದ ಹೊಸ ಸೌಲಭ್ಯ ತೋರಿಸಲಿಕ್ಕೆ. ಹರಿಹರದ ಕಿರಾಣಿ ಅಂಗಡಿಯವರು ಮೊಬೈಲಿನಲ್ಲೇ ಮಂಡಿಪೇಟೆಗೆ ಅಕ್ಕಿ, ಬೆಲ್ಲದ ಆರ್ಡರ್ ಹಾಕಲಿ ಅಂತ ನಾನೊಬ್ಬನೇ ಕೂತು ಮಾಡಿದ ಆ್ಯಪ್ ಅದು. ಅದನ್ನು ಎಲ್ಲರಿಗಿಂತ ಮೊದಲು ನಂಬಿದವರು ಸಾಬ್ರು. ಇನ್ನು ಟೈಪ್ ಮಾಡುವುದೇ ಬೇಡ, ನಮ್ಮ ಮಾತಿನಲ್ಲಿ ಹೇಳಿದರೆ ಸಾಕು ಅನ್ನುವುದೇ ಆ ಹೊಸ ಸೌಲಭ್ಯ.

ನಾನು ಫೋನ್ ತೆಗೆಯುವ ಮೊದಲೇ ಸಾಬ್ರು, “ಕೂಡ್ರಿ, ಚಾ ಕುಡೀರಿ” ಅಂದರು. ಆಮೇಲೆ ನನ್ನ ಮುಖ ನೋಡದೆ, “ಬ್ಯಾಸರ ಮಾಡ್ಕಬ್ಯಾಡ್ರಿ. ಈಗ ಹೊಸದಾಗಿ ಬಂದೈತಲ್ರಿ, ನಾವೂ ಆ ದೊಡ್ಡ ಕಂಪನಿ ಆ್ಯಪ್‌ಗೆ ಹೋದ್ವಿ” ಅಂದರು.

“ಯಾಕ ಸಾಬ್ರೆ, ನಂದ್ರಾಗೆ ಏನಾದ್ರೂ ತೊಂದ್ರೆ ಇತ್ತಾ?”

“ನಿಮ್ದು ಚೆನ್ನಾಗೇ ಐತ್ರಿ. ಆದ್ರೆ ಹರಿಹರದ ಗಿರಾಕಿಗಳೆಲ್ಲ ಅಲ್ಲೇ ಅದಾರೆ. ನಾನೊಬ್ನೇ ಇಲ್ಲಿ ಕುಂತು ಯಾರ ದಾರಿ ಕಾಯ್ಲಿ?”

ಸಾಬ್ರು ಸಂಕೋಚದಿಂದಲೇ ತಮ್ಮ ಫೋನ್ ಮುಂದೆ ಹಿಡಿದರು. “ಇದ್ರಾಗೆ ರೇಟ್ ಬದಲಾಯಿಸೋದು ಹೆಂಗೆ ಅಂತ ಗೊತ್ತಾಗ್ತಿಲ್ರಿ. ಕಂಪನಿಗೆ ಫೋನ್ ಮಾಡಿದ್ರೆ ಬರೀ ಮ್ಯೂಸಿಕ್ ಬರ್ತೈತೆ. ಸ್ವಲ್ಪ ತೋರಿಸಿಕೊಡ್ರಿ.”

ತೋರಿಸಿಕೊಟ್ಟೆ. ಮಾತಿನಲ್ಲೇ ಆರ್ಡರ್ ಹೇಳಲು ಮೈಕಿನ ಗುರುತೊಂದು ಅದರಲ್ಲಿ ಆಗಲೇ ಇತ್ತು. ನಾನು ಬಂದ ಕೆಲಸದ ಮಾತು ಎತ್ತಲೇ ಇಲ್ಲ.

ಅಷ್ಟರಲ್ಲಿ ಒಳಗೆ ಬಂದ ಪಕ್ಕದ ಅಂಗಡಿಯವರು ನನ್ನನ್ನು ಕಂಪನಿಯವನು ಅಂದುಕೊಂಡು, “ನಿಮ್ಮ ಆ್ಯಪ್ ಭಾರಿ ಐತ್ರಿ!” ಅಂದರು. ನಿಜ ಹೇಳಲು ಸಾಬ್ರು ಬಾಯಿ ತೆರೆಯುವಷ್ಟರಲ್ಲಿ ನಾನೇ ಥ್ಯಾಂಕ್ಸ್ ಅಂದುಬಿಟ್ಟೆ. ಆ ಬೀದಿಯಲ್ಲಿ ಕೇಳದೆ ಸಿಕ್ಕ ಹೊಗಳಿಕೆ ಅದೊಂದೇ, ಬಿಟ್ಟುಕೊಡಲು ಮನಸ್ಸಾಗಲಿಲ್ಲ.