ರೇಡಿಯೋ ಗುರುತಿನ ಅಭ್ಯರ್ಥಿ

ಊರಿನ ಮುಕ್ಕಾಲು ಪಾಲು ಜನಕ್ಕೆ ಅವಳ ದನಿ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ತರಕಾರಿ ಅಂಗಡಿಯ ಮುಂದೆ ನಿಂತು ಬದನೆಕಾಯಿ ಆರಿಸುತ್ತಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. "ಇದು ಹೇಗಪ್ಪಾ?" ಎಂದು ಬಾಯಿ ಬಿಟ್ಟಳೋ, ಅಂಗಡಿಯವನು ತಕ್ಕಡಿಯನ್ನು ಹಾಗೇ ಎತ್ತಿ ಹಿಡಿದು ನಿಂತುಬಿಡುತ್ತಿದ್ದ.

"ಅಯ್ಯೋ, ಬೆಳಗಿನಕ್ಕ ಅಲ್ವಾ ನೀವು! ದಿನಾ ರೇಡಿಯೋದಲ್ಲಿ ಕೇಳ್ತೀನಿ. ನೀವು ಇಷ್ಟು ಕುಳ್ಳಗಿದೀರ ಅಂತ ಗೊತ್ತೇ ಇರ್ಲಿಲ್ಲ!"

ಚೀಲಕ್ಕೆ ಎರಡು ಬದನೆಕಾಯಿ ಹೆಚ್ಚಿಗೆ ಬೀಳುತ್ತಿದ್ದವು. ಮನೆಗೆ ಬಂದು ಹೇಳಿದರೆ ಗಂಡ, ಒರೆಸುತ್ತಿದ್ದ ಗಾಜಿನಿಂದ ಕಣ್ಣು ತೆಗೆಯದೆ, "ಹಾಗಾದ್ರೆ ನಾಳೆ ಬಟ್ಟೆ ಅಂಗಡೀಲೂ ಸ್ವಲ್ಪ ಜೋರಾಗಿ ಮಾತಾಡು" ಎನ್ನುತ್ತಿದ್ದ. ಅವನದು ಕನ್ನಡಕದ ಅಂಗಡಿ. ಮಾತು ಕಡಿಮೆ, ಆಡಿದರೆ ಇಂಥದ್ದೇ.

ರೇಡಿಯೋ ನಿಲಯವಿದ್ದದ್ದು ಅಂಚೆ ಕಚೇರಿಯ ಮೇಲಿನ ಮಹಡಿಯಲ್ಲಿ. ಗೋಡೆಗೆಲ್ಲ ಮಾಸಿದ ಕಂದು ರತ್ನಗಂಬಳಿ ಬಡಿದಿದ್ದ ಒಂದು ಪುಟ್ಟ ಕೋಣೆ, ನಡುವೆ ದಪ್ಪ ಗಾಜು, ಗಾಜಿನಾಚೆ ಯಂತ್ರಗಳ ಮುಂದೆ ಕೂತ ಹಿರಿಯ ತಂತ್ರಜ್ಞ. ಅವನನ್ನು ಎಲ್ಲರೂ ಗುಂಡಿ ಮಾವ ಎನ್ನುತ್ತಿದ್ದರು. ಯಾವ ಗುಂಡಿ ಒತ್ತಿದರೆ ಏನಾಗುತ್ತದೆಂದು ಅವನೊಬ್ಬನಿಗೇ ಗೊತ್ತಿದ್ದದ್ದಕ್ಕೆ ಆ ಹೆಸರು. ಅವನು ಬೆರಳೆತ್ತಿದನೆಂದರೆ ಇವಳು ಶುರು. ಮಳೆ ಬರುವ ಸೂಚನೆ, ಬಸ್ಸುಗಳ ಹೊತ್ತು, ಯಾವ ಬೀದಿಯಲ್ಲಿ ಕರೆಂಟು ಇಲ್ಲ, ಯಾರ ಕೊಡೆ ಎಲ್ಲಿ ಸಿಕ್ಕಿದೆ. ಆಮೇಲೆ ಫೋನು. ಗಂಡನ ಗೊರಕೆಗೆ ಮದ್ದು ಕೇಳಿ ಫೋನು ಮಾಡುವವರಿದ್ದರು, ಸುಮ್ಮನೆ ಜಗಳಕ್ಕೆ ಮಾಡುವವರಿದ್ದರು. ಬೆತ್ತದ ಕುರ್ಚಿ ಹೆಣೆಯುವ ಕುರುಡು ಅಜ್ಜನೊಬ್ಬ, "ಮಗಳೇ, ಇವತ್ತೂ ಎದ್ದಿದೀನಿ" ಎಂದು ಹೇಳುವುದಕ್ಕೇ ಫೋನು ಮಾಡುತ್ತಿದ್ದ. "ಒಳ್ಳೇದಾಯ್ತು ಬಿಡಿ ಅಜ್ಜ, ಊರು ಇನ್ನು ಕೆಲಸ ಶುರು ಮಾಡ್ಬಹುದು" ಎನ್ನುತ್ತಿದ್ದಳು. ಅಜ್ಜ ನಕ್ಕರೆ ಊರೆಲ್ಲ ಕೇಳುತ್ತಿತ್ತು.

ಮನೆಯಲ್ಲಿ ಅವಳನ್ನು ಅಕ್ಕ ಎಂದು ಕರೆಯುವವನು ತಮ್ಮನೊಬ್ಬನೇ. ಅಪ್ಪ ಅಮ್ಮ ಇಬ್ಬರೂ ಬೇಗ ಹೋದಾಗ ಅವನಿನ್ನೂ ಚಿಕ್ಕವನು. ತಲೆ ಬಾಚಿ ಶಾಲೆಗೆ ಕಳಿಸಿದ್ದು, ಜ್ವರ ಬಂದಾಗ ತೊಡೆಯ ಮೇಲೆ ಮಲಗಿಸಿಕೊಂಡಿದ್ದು, ಹೆಣ್ಣು ನೋಡಿ ಮದುವೆ ಮಾಡಿದ್ದು, ಎಲ್ಲ ಅವಳೇ. ಅವಳಿಗೆ ಮಕ್ಕಳಾಗಲಿಲ್ಲ. ಯಾರಾದರೂ ಅದನ್ನೆತ್ತಿದರೆ "ಒಬ್ಬನ್ನ ಸಾಕಿದೀನಲ್ಲ, ಸಾಲ್ದಾ?" ಎಂದು ಮಾತು ಮುಗಿಸುತ್ತಿದ್ದಳು. ತಮ್ಮ ನಗರಸಭೆಯ ನೀರು ಸರಬರಾಜಿನಲ್ಲಿ ಕೊಳಾಯಿ ಕೆಲಸಗಾರ. ವರ್ಷಗಳು ಉರುಳಿದರೂ ಹಂಗಾಮಿ. ಪ್ರತಿ ಸಲವೂ ಖಾಯಂ ಆಗುವವರ ಪಟ್ಟಿಯಿಂದ ಅವನ ಹೆಸರು ಹೇಗೋ ಜಾರಿ ಹೋಗುತ್ತಿತ್ತು.

ಊರಿನ ಆಸ್ಪತ್ರೆಯ ಮಕ್ಕಳ ವಾರ್ಡಿಗೆ ರಿಪೇರಿ ಎಂದು ಬೀಗ ಬಿದ್ದದ್ದು ಆ ದಿನಗಳಲ್ಲೇ. ಬೀಗ ಬಿತ್ತು, ರಿಪೇರಿ ಮಾತ್ರ ಶುರುವಾಗಲಿಲ್ಲ. ಮಕ್ಕಳಿಗೆ ಹುಷಾರಿಲ್ಲದಿದ್ದರೆ ದೊಡ್ಡ ಪಟ್ಟಣಕ್ಕೆ ಬಸ್ಸು ಹತ್ತಬೇಕು.

ಒಂದು ಬೆಳಿಗ್ಗೆ ಬ್ರೆಡ್ ಕಾರ್ಖಾನೆಯ ಕೆಲಸದಾಕೆಯೊಬ್ಬಳ ಫೋನು ಬಂತು. ಮೆಲ್ಲಗಿನ ದನಿ.

"ಅಕ್ಕಾ, ಹೋದ ವಾರ ನೀವು ಪಟ್ಟಣದ ಬಸ್ಸಿನ ಹೊತ್ತು ಹೇಳಿದ್ರಲ್ಲ, ನಾವು ಆ ಬಸ್ಸೇ ಹತ್ತಿದ್ವಿ. ಮಗು ದಾರೀಲೇ ಹೋಯ್ತು. ನಿಮ್ಮ ತಪ್ಪು ಅಂತ ಹೇಳ್ತಿಲ್ಲ ಅಕ್ಕಾ. ಯಾರಿಗಾದ್ರೂ ಹೇಳ್ಬೇಕು ಅನ್ನಿಸ್ತು."

ಗಾಜಿನಾಚೆಯಿಂದ ಗುಂಡಿ ಮಾವ ಹಾಡು ಹಾಕಲೇ ಎಂದು ಸನ್ನೆ ಮಾಡಿದ. ಅವಳು ಬೇಡವೆಂದು ತಲೆಯಾಡಿಸಿದಳು. ಊರಿನ ಮನೆಮನೆಯ ರೇಡಿಯೋಗಳಲ್ಲಿ ಆ ತಾಯಿಯ ಉಸಿರಾಟವೊಂದೇ ಕೇಳಿಸಿತು. ಕೊನೆಗೆ ಬೆಳಗಿನಕ್ಕ ಕೇಳಿದ್ದು ಇಷ್ಟೇ: "ಮಗೂನ ಏನಂತ ಕರೀತಿದ್ರಿ?" ಆಕೆ ಹೇಳಿದಳು. ಮುದ್ದಿನ ಹೆಸರು.

ಮರುವಾರ ನಗರಸಭೆಯ ಅಧ್ಯಕ್ಷರು ಹೊಸ ಉದ್ಯಾನದ ಬಗ್ಗೆ ಮಾತಾಡಲು ನಿಲಯಕ್ಕೆ ಬಂದರು. ನೇರ ಪ್ರಸಾರ.

"ಅಧ್ಯಕ್ಷರೇ, ಮಕ್ಕಳ ವಾರ್ಡು ಯಾವಾಗ ತೆರೆಯುತ್ತೆ?"

"ನಮ್ಮ ಆಡಳಿತದಲ್ಲಿ ಆರೋಗ್ಯಕ್ಕೇ ಮೊದಲ ಆದ್ಯತೆ..."

"ಸಂತೋಷ. ವಾರ್ಡು ಯಾವಾಗ ತೆರೆಯುತ್ತೆ?"

"ಈಗ ನೋಡಿ, ಉದ್ಯಾನದಲ್ಲಿ ಕಾರಂಜಿ ಹಾಕಿದೀವಿ, ದೀಪ ಹಾಕಿದೀವಿ..."

"ನೋಡಿದೀನಿ, ಚೆನ್ನಾಗಿದೆ. ಮಗೂಗೆ ಜ್ವರ ಬಂದ್ರೆ ಕಾರಂಜಿ ಹತ್ರ ಕರ್ಕೊಂಡು ಹೋಗೋಕಾಗುತ್ತಾ?"

ಅಧ್ಯಕ್ಷರು ನೀರು ಕುಡಿದರು. ಊರು ಆ ಗುಟುಕನ್ನೂ ಕೇಳಿಸಿಕೊಂಡಿತು.

ನಿಲಯದ ನಿರ್ದೇಶಕರು ಅವಳನ್ನು ಬಯ್ಯಲಿಲ್ಲ. ಕುರ್ಚಿ ಕೊಟ್ಟು ಕೂರಿಸಿ, "ನಿಮಗೂ ವಯಸ್ಸಾಯ್ತು, ಬೆಳಗಿನ ಹೊತ್ತು ಯಾಕೆ ಒದ್ದಾಡ್ತೀರಿ?" ಎಂದು ಅಕ್ಕರೆಯಿಂದಲೇ ಕೇಳಿದರು. ಮಧ್ಯಾಹ್ನದ ಹಳೇ ಹಾಡುಗಳ ಕಾರ್ಯಕ್ರಮ ಕೊಟ್ಟರು: ಮೊದಲೇ ಧ್ವನಿಮುದ್ರಣ ಮಾಡಿದ್ದು, ಫೋನಿಲ್ಲ. ಒಂದಷ್ಟು ದಿನ ಅದನ್ನೂ ಮಾಡಿದಳು. ಯಾರೂ ಉತ್ತರ ಕೊಡದ ಕೋಣೆಯಲ್ಲಿ ಕೂತು "ಕೇಳುಗರೇ" ಎಂದು, ಅಭ್ಯಾಸಬಲದಿಂದ ಫೋನು ಇರುತ್ತಿದ್ದ ಕಡೆ ನೋಡುತ್ತಿದ್ದಳು. ಕೊನೆಗೊಂದು ದಿನ ರಾಜೀನಾಮೆ ಕೊಟ್ಟು ಬಂದಳು.

ಅಧ್ಯಕ್ಷ ಸ್ಥಾನಕ್ಕೆ ಊರಿನವರೇ ನೇರವಾಗಿ ಮತ ಹಾಕುವ ಪದ್ಧತಿ. ಚುನಾವಣೆ ಹತ್ತಿರದಲ್ಲಿತ್ತು. ಎರಡು ಪಕ್ಷದವರು ಅವಳನ್ನು ಕರೆದರು. "ನಿಮ್ಮ ದನಿ ನಮಗೆ ಬೇಕು" ಎಂದರು. ದನಿ ಕೊಟ್ಟರೆ ಮಾತು ಯಾರದ್ದಿರುತ್ತದೆ ಎಂದು ಕೇಳಿದ್ದಕ್ಕೆ ನಕ್ಕು ಟೀ ತರಿಸಿದರು. ಅವಳು ಟೀ ಕುಡಿದು ಎದ್ದು ಬಂದಳು. ಪಕ್ಷೇತರಳಾಗಿ ನಿಲ್ಲುವುದೆಂದು ಅಡುಗೆಮನೆಯಲ್ಲಿ ತೀರ್ಮಾನವಾಯಿತು. ಅಲ್ಲಿದ್ದವರು ಮೂವರೇ: ಅವಳು, ಗಂಡ, ತಮ್ಮ.

"ಗುರುತು ರೇಡಿಯೋನೇ ಕೇಳ್ತೀನಿ. ಪಟ್ಟಿಯಲ್ಲಿದೆಯಂತೆ. ಓದೋಕೆ ಬರದವರಿಗೂ ರೇಡಿಯೋ ಅಂದ್ರೆ ನಾನು ಅಂತ ಗೊತ್ತಾಗುತ್ತೆ" ಎಂದಳು.

"ಅದೇ ಸರಿ ಅಕ್ಕಾ" ಎಂದ ತಮ್ಮ.

ನಿಲಯದ ನಿಯಮದಂತೆ ರಾಜೀನಾಮೆ ಕೊಟ್ಟ ಮೇಲೂ ಕೆಲವು ದಿನ ಅವಳು ನೌಕರಳೇ. ಆ ಅವಧಿ ಮುಗಿಯುವವರೆಗೆ ನಾಮಪತ್ರ ಹಾಕುವಂತಿರಲಿಲ್ಲ. ಹಾಗಾಗಿ ಕೊನೆಯ ದಿನ ಹಾಕಿದಳು. ಅದರಿಂದೇನೂ ತೊಂದರೆಯಿಲ್ಲವೆಂದೇ ಅಂದುಕೊಂಡಿದ್ದಳು.

ಗುರುತು ಹಂಚುವ ದಿನ ಚುನಾವಣಾ ಕಚೇರಿಯ ಉದ್ದನೆಯ ಕೋಣೆಯಲ್ಲಿ ಅಭ್ಯರ್ಥಿಗಳೆಲ್ಲ ಬೆಂಚುಗಳ ಮೇಲೆ ಕೂತಿದ್ದರು. ಪಂಖ ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಅಧಿಕಾರಿ ಕನ್ನಡಕವನ್ನು ಹಣೆಗೇರಿಸಿ, "ರೇಡಿಯೋ ಆಗಲೇ ಹೋಯ್ತಮ್ಮಾ. ಪಕ್ಷೇತರರಲ್ಲಿ ಮೊದಲು ಅರ್ಜಿ ಕೊಟ್ಟವರಿಗೆ ಮೊದಲ ಆಯ್ಕೆ. ಅವರೂ ರೇಡಿಯೋನೇ ಕೇಳಿದಾರೆ" ಎಂದರು. "ನಿಮ್ಮ ಮನೆತನದ ಹೆಸರೇ ಇದೆ. ಸಂಬಂಧಿಕರಾ?"

ಅವಳು ತಿರುಗಿದಳು. ಕೊನೆಯ ಬೆಂಚಿನ ತುದಿಯಲ್ಲಿ, ಅಧ್ಯಕ್ಷರ ಕಡೆಯ ವಕೀಲನ ಪಕ್ಕದಲ್ಲಿ, ತಮ್ಮ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ನೆಲ ನೋಡುತ್ತಿದ್ದ.

"ಹೌದು. ನನ್ನ ತಮ್ಮ" ಎಂದಳು. ರೇಡಿಯೋದಲ್ಲಿ ಬಸ್ಸಿನ ಹೊತ್ತು ಹೇಳುವಾಗಿನ ದನಿಯಲ್ಲೇ.

ಉಳಿದಿದ್ದದ್ದು ಏಣಿ, ಬಾಚಣಿಗೆ, ಇಸ್ತ್ರಿಪೆಟ್ಟಿಗೆ. ಅವಳು ಇಸ್ತ್ರಿಪೆಟ್ಟಿಗೆ ತೆಗೆದುಕೊಂಡಳು. ಹೊರಗೆ ಮೆಟ್ಟಿಲ ಮೇಲೆ ತಮ್ಮ ಹಿಂದಿನಿಂದ ಬಂದ.

"ಅಕ್ಕಾ, ಖಾಯಂ ಮಾಡ್ತೀವಿ ಅಂದ್ರು. ನನ್ನ ಹೆಸರು ಸುಮ್ನೆ ಇರುತ್ತೆ ಅಷ್ಟೇ, ನಾನು ಪ್ರಚಾರಕ್ಕೂ ಹೋಗಲ್ಲ. ಅಕ್ಕ ಹೇಗೂ ಗೆಲ್ಲಲ್ಲ, ನೀನಾದ್ರೂ ದಡ ಸೇರು ಅಂದ್ರು."

"ಹಾಗೆ ಅಂದ್ರಾ?"

"ಹೂಂ."

"ನಿನಗೇನು ಅನ್ನಿಸ್ತು? ನಾನು ಗೆಲ್ಲಲ್ಲ ಅಂತಲೇ?"

ಅವನು ಅಂಗಿಯ ತೋಳಿನ ಮಡಿಕೆ ಸರಿಮಾಡಿಕೊಂಡ. ಅವಳು ಮೆಟ್ಟಿಲಿಳಿದು ಹೋದಳು.

ಸಂಜೆ ಗಂಡ ಮನೆಯ ಇಸ್ತ್ರಿಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಸುತ್ತಲೂ ನೋಡಿ, "ಊರಿನ ಸುಕ್ಕೆಲ್ಲ ತೆಗೀತೀನಿ ಅಂತ ಹೇಳು, ನಡೆಯುತ್ತೆ" ಎಂದ. ಅವಳು ನಗಲಿಕ್ಕೆ ಹೋಗಿ ಅತ್ತಳು. ಅವನು ಪೆಟ್ಟಿಗೆಯನ್ನು ತೆಗೆದು ಕಪಾಟಿನಲ್ಲಿಟ್ಟ. ಆಮೇಲೆ ಅವನೂ, ಕೆಲಸಕ್ಕೆ ರಜೆ ಹಾಕಿ ಅವಳ ಜೊತೆ ತಿರುಗುತ್ತಿದ್ದ ಗುಂಡಿ ಮಾವನೂ ಒಂದೇ ಸಮನೆ ಹೇಳಿದರು: ಇದನ್ನು ವೇದಿಕೆಯ ಮೇಲೆ ಬಿಚ್ಚಿ ಹೇಳಬೇಕು. ಅಧ್ಯಕ್ಷರು ನನ್ನ ತಮ್ಮನನ್ನೇ ಕೊಂಡುಕೊಂಡು ನನ್ನ ಗುರುತು ಕಿತ್ತುಕೊಂಡರು ಎಂದರೆ ಸಾಕು, ಊರು ಉರಿದು ಬೀಳುತ್ತದೆ.

"ಅವರನ್ನ ಬೈದ ಹಾಗೆ ಆಗಲ್ಲ ಮಾವ. ಅವನ ಮಾನ ಹೋಗುತ್ತೆ. ನಾಳೆ ಅವನು ಯಾರ ಮನೆ ಕೊಳಾಯಿ ರಿಪೇರಿಗೆ ಹೋದ್ರೂ ಬಾಗಿಲಲ್ಲೇ ಉಗೀತಾರೆ. ಅವನ ಹೆಂಡ್ತಿ ಮಕ್ಕಳು ಇದೇ ಬೀದೀಲಿ ಓಡಾಡ್ಬೇಕು."

"ಅವನು ನಿನ್ನ ಬಗ್ಗೆ ಇಷ್ಟು ಯೋಚಿಸಿದ್ನಾ?" ಎಂದ ಮಾವ.

"ಅವನು ಯೋಚಿಸ್ಲಿಲ್ಲ ಅಂತ ನಾನೂ ಬಿಡೋಕಾಗುತ್ತಾ? ಸಾಕಿದೋಳು ನಾನು."

ಗಂಡ ಟೀ ಕಪ್ಪು ತೊಳೆಯಲು ಎದ್ದು ಹೋದ. ಆ ವಿಷಯವನ್ನು ಮತ್ತೆ ಎತ್ತಲಿಲ್ಲ.

ಪ್ರಚಾರಕ್ಕೆ ಬೀದಿಬೀದಿ ಅಲೆದಳು. ದೂರದಿಂದ ಬರುವಾಗ ಯಾರೋ ಕುಳ್ಳ ಹೆಂಗಸು, ಬಾಯಿ ಬಿಟ್ಟರೆ ಬೆಳಗಿನಕ್ಕ. ಜನ ಮನೆಯೊಳಗಿಂದ ಓಡಿ ಬರುತ್ತಿದ್ದರು, ಕುರ್ಚಿ ಹಾಕುತ್ತಿದ್ದರು. ಬ್ರೆಡ್ ಕಾರ್ಖಾನೆಯ ತಾಯಿ ಏನೂ ಹೇಳದೆ ಕರಪತ್ರದ ಕಟ್ಟು ಹೊತ್ತು ಹಿಂದೆ ನಡೆದಳು. ಪ್ರತಿ ಬಾಗಿಲಲ್ಲೂ ಬೆಳಗಿನಕ್ಕ ಹೇಳುತ್ತಿದ್ದಳು: "ನನ್ನ ಗುರುತು ಇಸ್ತ್ರಿಪೆಟ್ಟಿಗೆ. ರೇಡಿಯೋ ನಂದಲ್ಲ." ಜನ ನಗುತ್ತಿದ್ದರು. "ತಮಾಷೆ ಮಾಡ್ತೀರಲ್ಲ ಅಕ್ಕಾ! ರೇಡಿಯೋ ನಿಮ್ದಲ್ದೆ ಇನ್ಯಾರದ್ದು?" ಹೋದ ಮನೆಗಳಲ್ಲಿ ಅರ್ಥ ಮಾಡಿಸಬಹುದಿತ್ತು. ಹೋಗಲಾಗದ ಮನೆಗಳೇ ಹೆಚ್ಚು. ನಿಲಯದಲ್ಲಿ ಚುನಾವಣೆ ಮುಗಿಯುವವರೆಗೆ ಅವಳ ದನಿ ಹಾಕಬಾರದೆಂದು ಅಪ್ಪಣೆಯಾಗಿತ್ತು.

ಎಣಿಕೆಯ ದಿನ ಅಧ್ಯಕ್ಷರೇ ಮತ್ತೆ ಗೆದ್ದರು, ಅದೂ ಕೂದಲೆಳೆಯ ಅಂತರದಲ್ಲಿ. ಅವಳು ಎರಡನೆಯವಳು. ಒಂದು ದಿನವೂ ಪ್ರಚಾರಕ್ಕೆ ಹೋಗದ, ಒಂದು ಕರಪತ್ರವನ್ನೂ ಹಂಚದ ರೇಡಿಯೋ ಗುರುತಿನ ಅಭ್ಯರ್ಥಿಗೆ ರಾಶಿ ಮತ ಬಿದ್ದಿತ್ತು. ಅದರಲ್ಲಿ ಕಾಲು ಭಾಗ ಇತ್ತ ಬಂದಿದ್ದರೂ ಅವಳು ಗೆಲ್ಲುತ್ತಿದ್ದಳು. ಗುಂಡಿ ಮಾವ ಎಣಿಕೆ ಕೇಂದ್ರದ ಹೊರಗೆ ಕಲ್ಲಿನ ಮೇಲೆ ಕೂತು ಮಗುವಿನಂತೆ ಅತ್ತ. ಅವಳು ಅವನ ಭುಜ ಹಿಡಿದು ಎಬ್ಬಿಸಿ, "ನಡಿ ಮಾವ, ಬಿಸಿಲು" ಎಂದಳು.

ಮೂರನೆಯ ದಿನ ಕುರ್ಚಿ ಹೆಣೆಯುವ ಅಜ್ಜ ಹೆಂಡತಿಯ ಕೈ ಹಿಡಿದುಕೊಂಡು ಮನೆ ಹುಡುಕಿ ಬಂದ. ಅಲ್ಲಿಯವರೆಗೆ ಅಜ್ಜನೂ ಅವಳೂ ಎದುರುಬದುರು ಸಿಕ್ಕವರಲ್ಲ. ಬೆತ್ತ ಎಳೆದು ಎಳೆದು ಅವನ ಬೆರಳ ತುದಿಗಳು ಸೀಳಿದ್ದವು. ಕೂರಿಸಿ ನೀರು ಕೊಟ್ಟಳು.

"ಮಗಳೇ, ಸೋತೆ ಅಂದ್ರಲ್ಲ, ಅದು ಹೆಂಗಾಗುತ್ತೆ? ನಮ್ಮ ವಠಾರದಲ್ಲಿ ಎಲ್ರಿಗೂ ನಾನೇ ಹೇಳಿದೀನಿ. ಎಲ್ರೂ ರೇಡಿಯೋಗೇ ಒತ್ತಿದಾರೆ. ಇವಳು ನನ್ನ ಬೆರಳು ಹಿಡಿದು ರೇಡಿಯೋ ಮೇಲೇ ಇಟ್ಲು. ಎಣಿಸೋವಾಗ ಏನೋ ಮೋಸ ಆಗಿದೆ."

ಅವನ ಹೆಂಡತಿ ಹೆಮ್ಮೆಯಿಂದ ತಲೆಯಾಡಿಸಿದಳು. ಬಾಗಿಲಲ್ಲಿ ನಿಂತಿದ್ದ ಗಂಡ ಏನೋ ಹೇಳಲು ಬಾಯಿ ತೆರೆದ. ಬೆಳಗಿನಕ್ಕ ಅವನತ್ತ ನೋಡಿದಳು, ಅವನು ಒಳಗೆ ಹೋದ.

"ನಿಮ್ಮ ವೋಟು ಬಂತು ಅಜ್ಜ" ಎಂದಳು. "ನಿಮ್ಮ ವಠಾರದ್ದು ಎಲ್ಲಾ ಬಂತು. ಬೇರೆ ಕಡೆ ಕಡಿಮೆ ಆಯ್ತು ಅಷ್ಟೇ."

"ಹಂಗಾದ್ರೆ ಸರಿ. ನಮ್ಮಿಂದ ತಪ್ಪಾಗಿಲ್ವಲ್ಲ" ಎಂದು ಅಜ್ಜ ನೀರು ಕುಡಿದ.

ಅವರು ಹೋದ ಮೇಲೆ ಅವಳು ಬಹಳ ಹೊತ್ತು ಅಜ್ಜ ಕೂತಿದ್ದ ಕುರ್ಚಿಯನ್ನೇ ನೋಡುತ್ತ ನಿಂತಿದ್ದಳು. ಸೋತದ್ದು ಅವಳಿಗೆ ನಿಜವಾಗಿ ತಟ್ಟಿದ್ದು ಆಗ.

ನಿಲಯದ ಬೆಳಗಿನ ಕುರ್ಚಿಯಲ್ಲಿ ಹೊಸ ಹುಡುಗಿ ಕೂತಿದ್ದಳು. ಚುರುಕು, ನಗು ಹೆಚ್ಚು, ಫೋನು ಕಡಿಮೆ. ಬೆಳಗಿನಕ್ಕ ವಾಪಸು ಕೇಳಲಿಲ್ಲ, ಅವರೂ ಕರೆಯಲಿಲ್ಲ. ಮಕ್ಕಳ ವಾರ್ಡನ್ನು ಹಳೇ ಮಂಚಗಳ ಉಗ್ರಾಣ ಮಾಡಿದರು. ಅಧ್ಯಕ್ಷರು ಒಂದು ವಿಷಯದಲ್ಲಿ ಮಾತ್ರ ಮಾತಿಗೆ ತಪ್ಪಲಿಲ್ಲ: ತಮ್ಮನನ್ನು ಖಾಯಂ ಮಾಡಿದರು. ತಪ್ಪಿದ್ದರೆ ಅಕ್ಕ ತಮ್ಮ ಇಬ್ಬರೂ ಕೂಡಿ ಬಯ್ಯಲಿಕ್ಕಾದರೂ ಒಬ್ಬ ಸಿಗುತ್ತಿದ್ದ.

ಅವಳು ಗಂಡನ ಅಂಗಡಿಯಲ್ಲಿ ಕೂರತೊಡಗಿದಳು. ಗಿರಾಕಿಗಳು ದನಿ ಗುರುತು ಹಿಡಿದು ಮಾತಿಗೆಳೆಯುತ್ತಿದ್ದರು. ಬರಬರುತ್ತ ಅದೂ ಕಡಿಮೆಯಾಯಿತು. ದನಿಯೂ ಜನರ ನೆನಪಿನಲ್ಲಿ ಸವೆಯುತ್ತದೆ.

ಒಂದು ಭಾನುವಾರ ಬಾಗಿಲಲ್ಲಿ ತಮ್ಮ ನಿಂತಿದ್ದ, ಕೈಯಲ್ಲಿ ಸ್ಪ್ಯಾನರಿನ ಚೀಲ. "ಬಚ್ಚಲ ನಲ್ಲಿ ಸೋರ್ತಿದೆ ಅಂತ ಭಾವ ಹೇಳಿದ್ರು" ಎಂದ. ಭಾವ ಹೇಳಿರಲಿಲ್ಲ. ನಲ್ಲಿ ಸೋರುತ್ತಲೂ ಇರಲಿಲ್ಲ. ಅವಳು ಬಾಗಿಲು ಬಿಟ್ಟು ಸರಿದಳು. ಅವನು ಚೆನ್ನಾಗಿದ್ದ ನಲ್ಲಿಯನ್ನು ಬಿಚ್ಚಿ, ವಾಷರು ಬದಲಿಸಿ, ಮತ್ತೆ ಕೂರಿಸಿದ. ಟೀ ಕೊಟ್ಟಳು. "ಸಕ್ಕರೆ ಸಾಕಾ?" "ಸಾಕು ಅಕ್ಕಾ." ಮಕ್ಕಳು ಹೇಗಿದಾರೆ, ಚೆನ್ನಾಗಿದಾರೆ. ಹೊರಡುವಾಗ ಅವನು ಹೊಸ್ತಿಲಲ್ಲಿ ನಿಂತು ಏನೋ ಶುರು ಮಾಡಿದ, "ಅಕ್ಕಾ, ಅವತ್ತು..."

"ಚೀಲ ಮರೆತೆ ನೋಡು" ಎಂದು ಅವಳು ಒಳಗೆ ಹೋಗಿ ತಂದುಕೊಟ್ಟಳು.

ಆಮೇಲೆ ಅವನು ಆಗಾಗ ಬರತೊಡಗಿದ. ಸಿಂಕು, ತೊಟ್ಟಿ, ತಾರಸಿಯ ಪೈಪು, ಏನಾದರೊಂದು ರಿಪೇರಿ ಇದ್ದೇ ಇರುತ್ತಿತ್ತು. ಅವನು ಹೋದ ಮೇಲೊಮ್ಮೆ ಗಂಡ ಮೆಲ್ಲಗೆ ಕೇಳಿದ, "ಇನ್ನೂ ಕೋಪನಾ ಅವನ ಮೇಲೆ?"

ಅವಳು ಒದ್ದೆ ಬಚ್ಚಲ ನೆಲ ಒರೆಸುತ್ತಿದ್ದಳು.

"ಕೋಪ ಯಾವತ್ತೋ ಹೋಯ್ತು ಕಣ್ರೀ. ಕೋಪ ಇದ್ದಾಗ ಅವನ ಜೊತೆ ಮನಸ್ಸಲ್ಲೇ ದಿನವಿಡೀ ಮಾತಾಡ್ತಿದ್ದೆ. ಈಗ ಅವನು ಎದುರಿಗೆ ಬಂದು ಕೂತ್ರೂ ಏನು ಕೇಳ್ಬೇಕು ಅಂತ ಗೊತ್ತಾಗಲ್ಲ."

ಬಟ್ಟೆ ಹಿಂಡಿ, ಮೂಲೆಯಲ್ಲಿ ಉಳಿದಿದ್ದ ನೀರನ್ನೂ ಒರೆಸಿದಳು.