ಟೊಮ್ಯಾಟೊ ಸಸಿಗಳಿಗೆ ಅಮ್ಮ ಬಂದದ್ದು

ಅಪ್ಪಾಸಾಹೇಬರ ಮನೆಯಲ್ಲಿ ಒಂದು ಕಪಾಟು ಶಾಲುಗಳಿಗೆಂದೇ ಮೀಸಲು. ದೇಹೂ ರೋಡಿನ ಮಿಲಿಟರಿ ಡಿಪೋದಲ್ಲಿ ಆಫೀಸ್ ಸುಪರಿಂಟೆಂಡೆಂಟ್ ಆಗಿ ನಿವೃತ್ತರಾದ ಮೇಲೆ ಅವರು ಪುಣೆಯ ಕನ್ನಡ ಬಳಗವೊಂದರ ಸಹಕಾರ್ಯದರ್ಶಿಯಾದರು. ಸಹಕಾರ್ಯದರ್ಶಿಗೆ ಕೆಲಸ ಕಡಿಮೆ, ಶಾಲು ಹೆಚ್ಚು. ಮುಖ್ಯ ಅತಿಥಿ ಬಾರದೆ ಹೋದರೆ ತಂದ ಶಾಲನ್ನು ಮರಳಿ ಅಂಗಡಿಗೆ ಒಯ್ಯುವುದು ಹೇಗೆಂದು ಇವರಿಗೇ ಹೊದಿಸುತ್ತಿದ್ದರು. ಪುಣೆಯ ಟ್ರಾಫಿಕ್ಕಿನ ದಯೆಯಿಂದ ಮುಖ್ಯ ಅತಿಥಿಗಳು ಆಗಾಗ ಬರುತ್ತಿರಲಿಲ್ಲ. ಆ ಶಾಲುಗಳನ್ನು ಅವರು ತಾವೂ ಹೊದೆಯಲಿಲ್ಲ, ಬೇರೆಯವರಿಗೂ ಕೊಡಲಿಲ್ಲ. ನೆಂಟರು ಬಂದಾಗ ಮಾತ್ರ ಕಪಾಟಿನ ಬಾಗಿಲು ಹೇಗೋ ತಾನಾಗಿಯೇ ತೆರೆದುಕೊಳ್ಳುತ್ತಿತ್ತು.

ಹೆಂಡತಿ ನೀತಾ ವಿಜ್ಞಾನಿ. ಅವರಿಗೆ ಅದುವರೆಗೆ ಯಾರೂ ಶಾಲು ಹೊದಿಸಿರಲಿಲ್ಲ. "ನಮ್ಮವರು ಗಿಡದ ಡಾಕ್ಟರು" ಎಂದು ಅಪ್ಪಾಸಾಹೇಬರು ಸಭೆಯಲ್ಲಿ ಪರಿಚಯಿಸಿದ ಮರುಗಳಿಗೆಗೇ ಹೆಂಗಸರು ಸುತ್ತುವರಿದು, ತಮ್ಮ ಬಾಲ್ಕನಿಯ ಕರಿಬೇವು ಯಾಕೆ ಏಳುತ್ತಿಲ್ಲವೆಂದು ಕೇಳುತ್ತಿದ್ದರು. ನೀತಾ "ಹುಳಿ ಮಜ್ಜಿಗಿ ಹಾಕಿ ನೋಡ್ರಿ" ಎಂದು ಹೇಳಿ ಪಾರಾಗುತ್ತಿದ್ದರು. ಸಂಶೋಧನಾಲಯದಲ್ಲಿ ಅವರು ಮಾಡುತ್ತಿದ್ದ ಕೆಲಸವೇ ಬೇರೆ. ಅದನ್ನು ಒಮ್ಮೆ ಚಹಾದ ಹೊತ್ತಿನಲ್ಲಿ ಗಂಡನಿಗೆ ಬಿಡಿಸಿ ಹೇಳಿದ್ದರು.

"ಬಿಸಲಿಗೆ ಗಿಡ ಬಾಡತದ, ಅದು ಎಲ್ಲಾರಿಗೂ ಗೊತ್ತದ. ಆದ್ರ ಬಾಡೂಕಿಂತ ಮೊದಲ ಅದು ಕಾವಲು ಬಿಡತದರಿ. ನೋಡಾಕ ಹಚ್ಚಗ, ಚಲೋನ ಇರತದ. ಒಳಗ ಕಾವಲುಗಾರ ಮಲಗಿರತಾನ. ಆವಾಗ ಜಡ್ಡು ಬಂತಂದ್ರ ಮುಗೀತು."

"ನಮ್ಮ ಸೊಸಾಯಿಟಿ ವಾಚ್‌ಮನ್ ಹಂಗ."

"ಅವಾ ಥಂಡ್ಯಾಗೂ ಮಲಗತಾನ. ನನ್ನ ಟೊಮ್ಯಾಟೊ ಇಪ್ಪತ್ತೆಂಟು ಡಿಗ್ರಿ ತನಕ ಎಚ್ಚರ ಇರತದ."

ಅಪ್ಪಾಸಾಹೇಬರು ಪುಣೆಗೆ ಬಂದ ಕಾಲದಲ್ಲಿ ಏಪ್ರಿಲ್ ತಿಂಗಳಲ್ಲೂ ಬೆಳಗಿನ ಜಾವ ಚಾದರ ಎಳೆದುಕೊಳ್ಳಬೇಕಾಗುತ್ತಿತ್ತು. ಈಗ ಅದೇ ತಿಂಗಳಲ್ಲಿ ಮಲಗುವ ಕೋಣೆಗೆ ಏಸಿ ಬಂದಿತ್ತು. ಈ ದುಃಖದಿಂದ ಅವರು "ಹವಾಮಾನ ಬದಲಾವಣೆ ಮತ್ತು ನಾವು" ಎಂಬ ಭಾಷಣವೊಂದನ್ನು ಹೊಸೆದಿದ್ದರು. ಭಾನುವಾರ ಮಧ್ಯಾಹ್ನ ಮೂರಕ್ಕೆ ಬಳಗದ ಸಮಾರಂಭ. ಈ ಸಲ ಅವರೇ ಅಸಲಿ ಅಧ್ಯಕ್ಷರು. ಅವರ ಹೆಸರಿನಲ್ಲಿಯೇ ಶಾಲು ಕೊಂಡಿದ್ದರು.

ಶುಕ್ರವಾರ ಸಂಜೆ ನೀತಾ ಒಂದು ತಟ್ಟೆಯ ತುಂಬ ಟೊಮ್ಯಾಟೊ ಸಸಿಗಳನ್ನು ಎದೆಗವಚಿಕೊಂಡು ಬಂದರು. ಲ್ಯಾಬಿನ ಎರಡು ಪೆಟ್ಟಿಗೆಗಳಲ್ಲಿ ಅವರು ಒಂದೇ ತಳಿಯ ಸಸಿಗಳಿಗೆ ಒಂದೇ ರೋಗ ಹಚ್ಚಿದ್ದರು. ಒಂದು ಪೆಟ್ಟಿಗೆ ಸೆಕೆ, ಇನ್ನೊಂದು ತಂಪು. ತಂಪಿನ ಪೆಟ್ಟಿಗೆಯ ಕಂಪ್ರೆಸರ್ ಕೆಟ್ಟಿತ್ತು, ಮೆಕ್ಯಾನಿಕ್ ಸೋಮವಾರ ಬರುವವನು. ವರ್ಷಗಟ್ಟಲೆ ಆರಿಸಿ ಆರಿಸಿ ಬೆಳೆಸಿದ ತಳಿ. ಇದ್ದ ಬೀಜವನ್ನೆಲ್ಲ ಬಿತ್ತಿಯಾಗಿತ್ತು. ತಂಪಿನ ಸಸಿಗಳು ಹೋದರೆ ಸೆಕೆಯ ಸಸಿಗಳನ್ನು ಯಾವುದಕ್ಕೆ ಹೋಲಿಸುವುದು?

"ಸೋಮವಾರ ಮುಂಜಾನೆ ಎಲಿ ಕೀಳೂತನಕ ಇವು ನಮ್ಮ ಬೆಡ್‌ರೂಮಿನ್ಯಾಗ ಇರತಾವ. ನಾವು ಹೊರಗ ಹಾಲ್‌ನ್ಯಾಗ," ಎಂದರು ನೀತಾ.

"ಈ ಜಡ್ಡು ನನಗ ಹತ್ತೂದಿಲ್ಲಲ್ಲ?"

"ನೀವು ಟೊಮ್ಯಾಟೊ ಅಲ್ಲರಿ."

ಶನಿವಾರ ಎಲೆಗಳ ಮೇಲೆ ಚುಕ್ಕೆಗಳು ಎದ್ದವು. ಅಪ್ಪಾಸಾಹೇಬರ ತಾಯಿ ಶಿವಗಂಗವ್ವ ಕೋಣೆಯ ಬಾಗಿಲಲ್ಲೇ ನಿಂತು ಕನ್ನಡಕ ಏರಿಸಿ ನೋಡಿದರು.

"ಇವಕ್ಕ ಏನಾಗೇದ ನೀತವ್ವಾ?"

"ಜಡ್ಡು ಹಚ್ಚೀನ್ರಿ ಅತ್ತಿ."

"ನೀನ ಹಚ್ಚಿದಿ?"

"ಹೌದ್ರಿ. ಹೆಂಗ ತಡಕೋತಾವ ನೋಡಬೇಕು. ಥಣ್ಣಗ ಇರಬೇಕು, ಯಾರೂ ಮುಟ್ಟಬಾರದು, ಹೊರಗಿನವರು ಒಳಗ ಬರಬಾರದು."

ಮೈಮೇಲೆ ಚುಕ್ಕೆ, ತಂಪು ಕೋಣೆ, ಮುಟ್ಟಬಾರದು, ಹೊರಗಿನವರು ಬರಬಾರದು. ಶಿವಗಂಗವ್ವನಿಗೆ ಮುಂದಿನದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೈಲಹೊಂಗಲದಲ್ಲಿ ಅವರು ಐದು ಮಕ್ಕಳಿಗೆ ಅಮ್ಮ ಬಂದದ್ದನ್ನು ಕಂಡವರು. ಮೈತುಂಬ ಗುಳ್ಳೆ ಎದ್ದರೆ ಅದನ್ನು ಜಡ್ಡೆನ್ನದೆ, ದೇವಿಯೇ ಮನೆಗೆ ಬಂದಳೆಂದು ಮರ್ಯಾದೆ ಮಾಡಿದವರು. ಸೊಸೆ ಲ್ಯಾಬಿಗೆ ಹೋಗಿ ಬರುವಷ್ಟರಲ್ಲಿ ಕೋಣೆಯ ಚೌಕಟ್ಟಿಗೆ ಬೇವಿನ ತಪ್ಪಲು ಕಟ್ಟಿ ಮುಗಿದಿತ್ತು. ಒಳಗೆ ಹೋಗುವವರು ಕೈಕಾಲು ತೊಳೆದೇ ಹೋಗಬೇಕು, ಜೋರಾಗಿ ಮಾತಾಡಕೂಡದು. ಎಲ್ಲಕ್ಕಿಂತ ಮುಖ್ಯವಾಗಿ, ದೇವಿಗೆ ಘಾಟು ಆಗದಾದ್ದರಿಂದ ಮನೆಯಲ್ಲಿ ಒಗ್ಗರಣೆ ಹಾಕಕೂಡದು.

ಭಾನುವಾರ ಬೆಳಿಗ್ಗೆ ಒಗ್ಗರಣೆ ಅವಲಕ್ಕಿಯ ಬದಲು ತಮ್ಮ ತಟ್ಟೆಗೆ ಮೊಸರನ್ನ ಬಿದ್ದಾಗ ಅಪ್ಪಾಸಾಹೇಬರು ನೊಂದರು.

"ಅವ್ವಾ, ಅವು ಸಸಿ. ಸಸಿಗೆ ಅಮ್ಮ ಹೆಂಗ ಬರತಾಳ?"

"ಆಕಿ ಎಲ್ಲೆ ಬರಬೇಕಂತ ನಿನ್ನ ಕೇಳಿ ಬರತಾಳೇನ? ಸುಮ್ಮನ ಉಣ್ಣು."

ಅವರು ಹೆಂಡತಿಯ ಕಡೆ ನೋಡಿದರು. ನೀತಾ ಮೊಸರನ್ನ ಕಲಸುತ್ತ, "ನಮ್ಮ ಲ್ಯಾಬಿನ್ಯಾಗ ಇಷ್ಟ ಕಟ್ಟುನಿಟ್ಟ ಇಲ್ಲರಿ. ಇರಲಿ ಬಿಡ್ರಿ," ಎಂದು ನಕ್ಕು ಸೆಕೆಯ ಸಸಿಗಳನ್ನು ನೋಡಲು ಹೊರಟರು.

ಮಧ್ಯಾಹ್ನ ಊಟವಾದ ಮೇಲೆ ಅಪ್ಪಾಸಾಹೇಬರು ಕನ್ನಡಿಯ ಮುಂದೆ ನಿಂತು ಭಾಷಣವನ್ನು ಒಪ್ಪಿಸುತ್ತಿದ್ದರು. "ಮಾನವನೇ, ನೀನು ಪ್ರಕೃತಿಯ ಮಡಿಲಿಗೆ ಮರಳು" ಎಂದು ಕೈ ಎತ್ತಿದರು, ಫ್ಯಾನು ನಿಂತಿತು. ಏಸಿ ಕೂಡ ನಿಟ್ಟುಸಿರು ಬಿಟ್ಟು ಸುಮ್ಮನಾಯಿತು. ಗ್ಯಾಲರಿಯಿಂದ ಬಗ್ಗಿ ನೋಡಿದರೆ, ಕೆಳಗೆ ಸೊಸಾಯಿಟಿಯ ಚೇರಮನ್ ಅವಧೂತ ಬರಿ ಬನಿಯನ್ ಮೇಲೆ ನಿಂತಿದ್ದರು.

"ಟ್ರಾನ್ಸ್‌ಫಾರ್ಮರ್ ಉಡಾಲಾ, ಕಾಕಾ. ಆತಾ ಸಂಧ್ಯಾಕಾಳೀಚ." ಟ್ರಾನ್ಸ್‌ಫಾರ್ಮರ್ ಹಾರಿದೆ, ಇನ್ನು ಸಂಜೆಗೇ ಕರೆಂಟು.

ಸಸಿಗಳ ನಡುವೆ ನೆಟ್ಟಿದ್ದ ಥರ್ಮಾಮೀಟರ್ ನೋಡುನೋಡುತ್ತಲೇ ಇಪ್ಪತ್ತೈದಕ್ಕೆ ಏರಿತು. ಅಪ್ಪಾಸಾಹೇಬರು ಹೆಂಡತಿಗೆ ಫೋನು ಮಾಡಿದರು. ಆ ಕಡೆ ಕುರ್ಚಿ ಧಡಕ್ಕನೆ ಹಿಂದೆ ಸರಿದ ಸದ್ದಾಯಿತು. ಮದುವೆಯಾದಂದಿನಿಂದ ನೀತಾ ಯಾವುದಕ್ಕೂ ಹೆದರಿದ್ದನ್ನು ಅವರು ಕಂಡಿರಲಿಲ್ಲ. ಈಗ ಕೇಳಿಸಿದ್ದು ಅದೇ ಇರಬೇಕು.

"ನಾ ಹೊರಡತೀನಿ. ಅಲ್ಲೀತನಕ ಕಿಡಕಿಗೆ ದಪ್ಪನ ಅರಿವಿ ತೊಯ್ಸಿ ಕಟ್ರಿ. ಗಾಳಿ ಅದರೊಳಗಿಂದ ಬರಬೇಕು. ಎಲಿ ಮ್ಯಾಲೆ ನೀರು ಸಿಡೀಬಾರದು. ಇಪ್ಪತ್ತೆಂಟು ದಾಟಬಾರದ್ರಿ."

ಚಾದರ ಕಟ್ಟಿದರು. ಪುಣೆಯ ಬಿಸಿಗಾಳಿಗೆ ತೆಳ್ಳನೆಯ ಚಾದರ ಹಪ್ಪಳದಂತೆ ಒಣಗಿತು. ಟವೆಲುಗಳ ಗತಿಯೂ ಅಷ್ಟೇ. ಥರ್ಮಾಮೀಟರ್ ಇಪ್ಪತ್ತೇಳಕ್ಕೆ ಬಂತು. ಅಪ್ಪಾಸಾಹೇಬರು ಹಾಲ್‌ನ ನಡುವೆ ನಿಂತು ಕಪಾಟಿನ ಕಡೆ ನೋಡಿದರು. ಆಮೇಲೆ ನೋಡದವರಂತೆ ಫ್ರಿಜ್ಜಿನ ಕಡೆ ನೋಡಿದರು. ಆಮೇಲೆ ಹೋಗಿ ಕಪಾಟು ತೆರೆದರು.

ಯಾವ ಸಂಸ್ಥೆ ಉಣ್ಣೆ ಹೊದಿಸಿತ್ತು, ಯಾವುದು ಬರೀ ನೈಲಾನು ಹೊದಿಸಿ ಚಪ್ಪಾಳೆ ಗಿಟ್ಟಿಸಿತ್ತು ಎಂಬುದು ಅಂದು ಬಯಲಾಯಿತು. ಅವರು ತುಂಬ ಗೌರವ ಇಟ್ಟಿದ್ದ ಒಂದು ಶಾಲು ಹನಿ ನೀರನ್ನೂ ಹೀರದೆ ಬಕೆಟ್ಟಿನಲ್ಲಿ ತೇಲಿತು. ಯಾರು ಕೊಟ್ಟಿದ್ದರೆಂದೇ ನೆನಪಿಲ್ಲದ ಕಂದು ಬಣ್ಣದ ಒಂದು ಶಾಲು ಅರ್ಧ ಬಕೆಟ್ ನೀರು ಕುಡಿದು ಎಮ್ಮೆಯಂತೆ ಭಾರವಾಯಿತು. ಶಿವಗಂಗವ್ವ ಬಕೆಟ್ ತುಂಬಿಸಿದರು, ಮಗ ಸ್ಟೂಲಿನ ಮೇಲೆ ನಿಂತು ಕಟ್ಟಿದರು. ಜರಿಯ ಬಣ್ಣ ಅವರ ಬಿಳಿ ಜುಬ್ಬಾದ ಮೇಲೆ ಇಳಿಯಿತು. ಕೋಣೆಯೊಳಗೆ ತೊಯ್ದ ಉಣ್ಣೆಯ ವಾಸನೆಯ ತಂಪು ಗಾಳಿ ಮೆಲ್ಲಗೆ ಬಂತು.

ಬಳಗದ ಹಿರಿಯರಾದ ಸಿದ್ದಲಿಂಗಪ್ಪನವರ ಫೋನು ಬಂದಾಗ ಅಪ್ಪಾಸಾಹೇಬರು ಸ್ಟೂಲಿನ ಮೇಲೇ ಇದ್ದರು.

"ಎಲ್ಲದೀರಿ? ಮಂದಿ ಕೂತಾರ."

"ನಾ ಬರೂದಿಲ್ಲರಿ. ಭಾಷಣ ಬಿಟ್ಟುಬಿಡ್ರಿ."

ಅಪ್ಪಾಸಾಹೇಬರು ಭಾಷಣ ಬಿಡುವುದೆಂದರೆ ಸಣ್ಣ ಸಂಗತಿಯಲ್ಲ. ಸಿದ್ದಲಿಂಗಪ್ಪನವರ ದನಿ ತಗ್ಗಿತು. "ಯಾಕ್ರಿ, ಏನಾತು?"

ಕೈಯಲ್ಲಿ ನೀರು ಸುರಿಯುವ ಶಾಲು, ಹೆಗಲ ಮೇಲೆ ಹಗ್ಗ, ಎದುರಿಗೆ ಬೇವಿನ ತಪ್ಪಲು. ಉದ್ದದ ವಿವರಣೆಗೆ ಸಮಯವಿರಲಿಲ್ಲ.

"ಮನ್ಯಾಗ ಅಮ್ಮ ಬಂದಾಳ್ರಿ," ಎಂದು ಫೋನಿಟ್ಟರು.

ನೀತಾ ರಿಕ್ಷಾ ಇಳಿದು ಓಡಿ ಬಂದಾಗ ಗಂಡ ನೆಲದ ಮೇಲೆ ಒದ್ದೆಯಾಗಿ ಕೂತಿದ್ದರು. ಕಿಟಕಿಯ ತುಂಬ ಸನ್ಮಾನಗಳು ಜೋತುಬಿದ್ದಿದ್ದವು. ಥರ್ಮಾಮೀಟರ್ ಇಪ್ಪತ್ತಾರೂವರೆ ತೋರಿಸುತ್ತಿತ್ತು. ನೀತಾ ಅದನ್ನು ನೋಡಿದರು, ಶಾಲುಗಳನ್ನು ನೋಡಿದರು, ಸೆರಗು ಸಿಕ್ಕಿಸಿ ಬಕೆಟ್ ಎತ್ತಿಕೊಂಡರು. ಸಂಜೆ ಕರೆಂಟು ಬರುವ ತನಕ ಇಬ್ಬರೂ ಸರದಿಯಲ್ಲಿ ಶಾಲು ತೊಯ್ಸಿದರು.

ಸೋಮವಾರ ಬೆಳಿಗ್ಗೆ ನೀತಾ ಒಂದು ಎಲೆಯನ್ನು ಬೆಳಕಿಗೆ ಹಿಡಿದು ಅತ್ತೆಯನ್ನೂ ಗಂಡನನ್ನೂ ಕರೆದರು. ಚುಕ್ಕೆಗಳು ಸಾಸಿವೆಯಷ್ಟೇ ಉಳಿದು, ಒಣಗಿ, ಅಲ್ಲಲ್ಲೇ ನಿಂತಿದ್ದವು.

"ನೋಡ್ರಿ. ಜಡ್ಡು ಹತ್ತಿದ್ದಲ್ಲೆ ಎಲಿ ತನ್ನ ಮೈ ಅಷ್ಟ ತಾನ ಸುಟಗೊಂಡದ. ಉಳದದ್ದು ಉಳೀಲಿ ಅಂತ. ಲ್ಯಾಬಿನ ಸೆಕಿ ಪೆಟ್ಟಿಗ್ಯಾಗಿನವು ನಿನ್ನೆನ ಪೂರ್ತಿ ಕರ್ರಗಾದವು."

"ಅಂದ್ರ ಅಮ್ಮ ಇಳದ್ಲು," ಎಂದರು ಶಿವಗಂಗವ್ವ. "ಬೇವಿನ ನೀರು ಹಾಕಿ ಮೈ ತೊಳೀಲೇನ?"

"ಬ್ಯಾಡ್ರಿ ಅತ್ತಿ. ನೀವು ಒಗ್ಗರಣಿ ಹಾಕ್ರಿ, ಸಾಕು."

ಸಾಸಿವೆ ಸಿಡಿದ ಸದ್ದಿಗೆ ಅಪ್ಪಾಸಾಹೇಬರ ಕಣ್ಣು ಒದ್ದೆಯಾಯಿತು. ಹೊಗೆ ಕಾರಣವೆಂದು ಅವರು ಹೇಳಿದರು.

ಆದರೆ ಅಪ್ಪಾಸಾಹೇಬರಿಗೆ ಈ ವಯಸ್ಸಿನಲ್ಲಿ ಅಮ್ಮ ಬಂದಿದೆ ಎಂಬ ಸುದ್ದಿ ಅಷ್ಟರಲ್ಲಿ ಪುಣೆ ದಾಟಿ ದೌಂಡದ ತನಕ ಮುಟ್ಟಿತ್ತು. ಬಹಳ ದಿನ ಮನೆಯ ಕಡೆ ಯಾರೂ ಸುಳಿಯಲಿಲ್ಲ. ಮಳೆ ಶುರುವಾದ ಮೇಲೆ ಸಿದ್ದಲಿಂಗಪ್ಪ ಅಂದಿನ ಶಾಲು ಹಿಡಿದು ಬಂದರು. ಹೊಸ್ತಿಲಾಚೆಯೇ ನಿಂತು ಅಪ್ಪಾಸಾಹೇಬರ ಮುಖದಲ್ಲಿ ಕಲೆ ಹುಡುಕಿದರು.

"ಒಂದೂ ಕಲೆ ಇಲ್ಲಲ್ಲರಿ."

"ನಮ್ಮವರು ಜ್ವಾಪಾನ ಮಾಡಿದ್ರು," ಎಂದರು ಅಪ್ಪಾಸಾಹೇಬರು. ಶಾಲನ್ನು ತೆಗೆದುಕೊಂಡು ಹೆಬ್ಬೆರಳು ತೋರುಬೆರಳುಗಳ ನಡುವೆ ತಿಕ್ಕಿದರು. ಅಪ್ಪಟ ಉಣ್ಣೆ. ಒಂದು ಬಕೆಟ್ಟಾದರೂ ಹಿಡಿದೀತು. ಕಪಾಟಿನ ಕಡೆ ಹೊರಟವರು ತಿರುಗಿ ಬಂದು, ಒಳಗೆ ಲ್ಯಾಪ್‌ಟಾಪಿನ ಮುಂದೆ ಕೂತಿದ್ದ ನೀತಾರ ಹೆಗಲಿಗೆ ಅದನ್ನು ಹೊದಿಸಿದರು.

ನೀತಾ ತಲೆ ಎತ್ತಲಿಲ್ಲ. ಕೈ ಮಾತ್ರ ಶಾಲಿನ ಅಂಚನ್ನು ಒಂದು ಗಳಿಗೆ ಹಿಡಿದುಕೊಂಡಿತ್ತು.

"ತಗೀರಿ ಇದನ್ನ," ಎಂದರು. "ನಂದೂ ಇಪ್ಪತ್ತೆಂಟು ದಾಟತದ."