ಬಾರ್ಬಾರ್ ಗುಡಿಗೆ ಹಣ್ಣುಕಾಯಿ

ನಮ್ಮ ಅತ್ತೆ ಮೈಸೂರಿನಿಂದ ಬಹ್ರೇನಿಗೆ ಬಂದದ್ದು ವಿಸಿಟ್ ವೀಸಾದಲ್ಲಿ. ಗುದೈಬಿಯಾದ ನಮ್ಮ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಬೆಳಿಗ್ಗೆ ನಾನು ಫಿಲ್ಟರ್ ಕಾಫಿ ಕುಡಿಯುವಾಗ ಅವರು ಎದುರಿಗೆ ಕೂತು ಬಿಸಿನೀರು ಕುಡಿಯುತ್ತಿದ್ದರು. ಒಂದು ಕಾಲದಲ್ಲಿ ಕಾಫಿಯಿಲ್ಲದೆ ಅವರಿಗೆ ಬೆಳಗೇ ಆಗುತ್ತಿರಲಿಲ್ಲ. ಮೊಮ್ಮಗು ಹುಟ್ಟುವವರೆಗೂ ಕಾಫಿ ಮುಟ್ಟುವುದಿಲ್ಲ ಎಂದು ಮನೆದೇವರಿಗೆ ಹರಕೆ ಹೊತ್ತಿದ್ದಾರೆಂದು ನನ್ನ ನಾದಿನಿ ಎಂದೋ ಫೋನಿನಲ್ಲಿ ಬಾಯಿಬಿಟ್ಟಿದ್ದಳು. ಅತ್ತೆ ಮಾತ್ರ ಆ ಬಗ್ಗೆ ನನ್ನ ಹತ್ತಿರ ಒಂದು ಮಾತೂ ಆಡಿದವರಲ್ಲ. ಆಡಿದ್ದರೆ ನಾನೂ ನಾಲ್ಕು ಮಾತು ತಿರುಗಿಸಿ ಹೇಳಬಹುದಿತ್ತು. ಡಾಕ್ಟರುಗಳ ಬಾಗಿಲು ಕಾದು ಕಾದು ನನಗೂ ಸಾಕಾಗಿತ್ತು. ಆದರೆ ಬಿಸಿನೀರಿನ ಲೋಟದ ಜೊತೆ ಜಗಳವಾಡುವುದು ಹೇಗೆ?

ಅವರಿಗೆ ಊರು ತೋರಿಸುವ ದಿನದ ಕಾರ್ಯಕ್ರಮ ಹಾಕಿದವಳು ನಾನೇ. ಹೊಸದು ಮಾತ್ರ ಎಂದು ಮೊದಲೇ ನಿಶ್ಚಯಿಸಿದ್ದೆ. ಎತ್ತರದ ಕಟ್ಟಡಗಳು, ಸಮುದ್ರದ ಮೇಲಿನ ಸೇತುವೆ, ದೊಡ್ಡ ಮಾಲ್. ದೇವಸ್ಥಾನ ಅಂದರೆ ಹರಕೆ, ಹರಕೆ ಅಂದರೆ ನನ್ನ ಹೊಟ್ಟೆಯ ಸುದ್ದಿ. ಮನಾಮಾದ ಸೂಕಿನ, ಅಂದರೆ ಹಳೇ ಪೇಟೆಯ, ಕೃಷ್ಣನ ಗುಡಿಯಲ್ಲಿ ಅವರು ಕಣ್ಣು ಮುಚ್ಚಿ ನಿಂತದ್ದನ್ನು ನೋಡಿಯೇ ನನಗೆ ಬೇಕಾದಷ್ಟಾಗಿತ್ತು. ಆದರೆ ಹಿಂದಿನ ದಿನ ಊಟಕ್ಕೆ ಕೂತಾಗ ಇವರು, ಎಂದರೆ ನನ್ನ ಗಂಡ, ಬಾಯಿ ತಪ್ಪಿ, "ಬಾರ್ಬಾರ್ ಅಂತ ಒಂದು ಹಳ್ಳೀಲಿ ಹಳೇ ದೇವಸ್ಥಾನಾನೂ ಇದೆ ಅಮ್ಮ, ನಾಲ್ಕು ಸಾವಿರ ವರ್ಷದ್ದು" ಅಂದುಬಿಟ್ಟರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಕಣ್ಣಲ್ಲೇ ಬೈದದ್ದು ಇವರಿಗೆ ತಲುಪುವ ಹೊತ್ತಿಗೆ ಅತ್ತೆ ತೆಂಗಿನಕಾಯಿ ಎಲ್ಲಿ ಸಿಗುತ್ತದೆ ಎಂದು ವಿಚಾರಿಸುತ್ತಿದ್ದರು.

ಶನಿವಾರ ಬೆಳಿಗ್ಗೆ ಅವರು ತಲೆಗೆ ಸ್ನಾನ ಮಾಡಿ, ರೇಷ್ಮೆ ಸೀರೆಯುಟ್ಟು, ಹಣ್ಣುಕಾಯಿಯ ಚೀಲ ತೊಡೆಯ ಮೇಲಿಟ್ಟುಕೊಂಡು ಕಾರಿನ ಹಿಂದಿನ ಸೀಟಿನಲ್ಲಿ ಕೂತರು. ದರ್ಶನವಾಗುವವರೆಗೆ ಉಪವಾಸ. ನಾನು ಕಟ್ಟಿಕೊಂಡ ಇಡ್ಲಿಯ ಡಬ್ಬಿ, ಕಾಫಿಯ ಫ್ಲಾಸ್ಕ್ ನನ್ನ ಕಾಲ ಬಳಿಯೇ ಉಳಿದವು.

ಮೊದಲು ಕಡಲತೀರದ ಜೋಡಿ ಗೋಪುರಗಳು. ಹಾಯಿ ಬಿಚ್ಚಿದ ದೋಣಿಗಳಂಥ ಆ ಎರಡು ಕಟ್ಟಡಗಳ ನಡುವೆ ಮೂರು ದೊಡ್ಡ ಗಾಳಿಯಂತ್ರಗಳಿವೆ. ಅಂದು ಒಂದೂ ತಿರುಗುತ್ತಿರಲಿಲ್ಲ. ಅತ್ತೆ ಕತ್ತೆತ್ತಿ ನೋಡಿದರು.

"ಇಷ್ಟು ದೊಡ್ಡ ಫ್ಯಾನ್ ಹಾಕಿಸಿ ಸ್ವಿಚ್ ಹಾಕೋದು ಮರೆತ್ರೇನೋ?"

"ಫ್ಯಾನ್ ಅಲ್ಲಮ್ಮ, ಗಾಳೀಲಿ ಕರೆಂಟ್ ತೆಗೆಯೋದು" ಎಂದರು ಇವರು.

"ಸರಿ ಬಿಡು, ಸೆಕೆ ಹಾಗೇ ಇದೆಯಲ್ಲ. ನಡಿ, ದೇವಸ್ಥಾನ ಬಾಗಿಲು ಹಾಕಿಬಿಡ್ತಾರೆ."

ನನ್ನ ಸೇತುವೆ, ಮಾಲ್ ಎರಡೂ ಅಲ್ಲಿಗೇ ಬಿದ್ದುಹೋದವು. ಬುದೈಯಾ ರಸ್ತೆಯಲ್ಲಿ ಖರ್ಜೂರದ ತೋಟಗಳ ಪಕ್ಕ ಹೋಗುವಾಗ, ನಾಲ್ಕು ಸಾವಿರ ವರ್ಷದ ದೇವರ ಮುಂದೆಯೂ ನನ್ನ ಕೊರತೆಯನ್ನು ಹರಡಿಡುತ್ತಾರಲ್ಲ ಎಂದು ಸಿಟ್ಟು ಬಂತು.

ಬಾರ್ಬಾರಿನ ಗುಡಿಯ ಬೇಲಿ ಗೇಟಿನಲ್ಲಿ ಅತ್ತೆ ಚಪ್ಪಲಿ ಬಿಟ್ಟರು. ಒಳಗೆ ಗೋಪುರವಿಲ್ಲ, ಗರ್ಭಗುಡಿಯಿಲ್ಲ. ಅಗೆದು ತೆಗೆದ ಮಣ್ಣಿನ ನಡುವೆ ಮೊಣಕಾಲೆತ್ತರದ ಕಲ್ಲಿನ ಸಾಲುಗಳು, ಒಂದು ಕಡೆ ಕೆಳಗಿಳಿಯುವ ಮೆಟ್ಟಿಲು, ಅದರ ಕೊನೆಗೊಂದು ಕೊಳದಂಥ ಗುಂಡಿ. ಅವರ ಕೈಯ ಕಾಯಿ ನೋಡಿ ವಯಸ್ಸಾದ ಕಾವಲುಗಾರ ಓಡಿಬಂದ. "ಮಾಜೀ, ಭಗವಾನ್ ನಹೀ. ಖಾಲಿ ಪತ್ಥರ್." ದೇವರಿಲ್ಲ, ಬರೀ ಕಲ್ಲು ಅಂತ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿ ಒಬ್ಬನೇ ಉಳಿದಿದ್ದ.

ಇವರು ಅಪರಾಧಿಯ ಹಾಗೆ ಬೋರ್ಡು ಓದಿ ಹೇಳಿದರು. ಒಂದರ ಮೇಲೊಂದು ಮೂರು ಸಲ ಕಟ್ಟಿದ ಗುಡಿಯಂತೆ, ನೀರಿನ ದೇವರದ್ದಿರಬೇಕಂತೆ. ಅತ್ತೆ ಗುಂಡಿಯೊಳಗೆ ಬಗ್ಗಿ ನೋಡಿದರು. ನೀರೂ ಇರಲಿಲ್ಲ. ಆದರೂ ಬೇಲಿಯೊಳಗೆ ಬರಿಗಾಲಲ್ಲಿ ಒಂದು ಸುತ್ತು ಬಂದು ನನ್ನ ಪಕ್ಕ ನಿಂತರು. ಈಗ ಕಣ್ಣು ಮುಚ್ಚುತ್ತಾರೆ ಎಂದು ನಾನು ಹಲ್ಲು ಕಚ್ಚಿ ಕಾದೆ.

ಅವರು ಕಣ್ಣು ಮುಚ್ಚಲಿಲ್ಲ. "ಆ ಫ್ಯಾನಿನ ಬಿಲ್ಡಿಂಗೂ ಒಂದಿನ ಹಿಂಗೇ ಮೊಣಕಾಲುದ್ದ ಆಗತ್ತೆ ನೋಡು" ಅಂದರು. ಮೆಟ್ಟಿಲ ಕಡೆ ನೋಡುತ್ತ, "ಇಲ್ಲಿಗೂ ಹೆಂಗಸರು ಹರಕೆ ಹೊತ್ಕೊಂಡು ಬಂದಿರ್ತಾರೆ, ಅಲ್ವೇನೆ?"

"ಬಂದಿರಬಹುದು ಅತ್ತೆ."

"ಒಬ್ಬಳಿಗೆ ಮಕ್ಕಳಾಗಿರತ್ತೆ, ಒಬ್ಬಳಿಗೆ ಆಗಿರಲ್ಲ. ಆಗದೇ ಇದ್ದವಳು ಈ ಮೆಟ್ಟಿಲ ಮೇಲೆ ಎಷ್ಟು ಅತ್ತಿದ್ಲೋ ಏನೋ. ಈಗ ನೋಡು, ಯಾರಿಗೆ ಆಯ್ತು, ಯಾರಿಗೆ ಇಲ್ಲ ಅಂತ ಕೇಳೋರೂ ಇಲ್ಲ."

ಅವರು ನನ್ನ ಮುಖ ನೋಡಲಿಲ್ಲ, ನನ್ನ ಮೊಣಕೈ ಹಿಡಿದುಕೊಂಡು ಮೆಲ್ಲಗೆ ಗೇಟಿನ ಕಡೆ ನಡೆದರು. ಬಾಳೆಹಣ್ಣನ್ನೆಲ್ಲ ಕಾವಲುಗಾರನ ಕೈಗಿಟ್ಟರು. ಅವನು ಎದೆಗೆ ಕೈಯಿಟ್ಟು, ಅರಬ್ಬಿಯಲ್ಲಿ ಕೃತಜ್ಞತೆ ಹೇಳುತ್ತ, "ಶುಕ್ರನ್" ಅಂದ. ಕಾಯಿ ಚೀಲದಲ್ಲೇ ವಾಪಸು ಬಂತು, ಸೋಮವಾರ ಚಟ್ನಿಯಾಯಿತು.

ಕಾರು ನೆರಳಿಗೆ ನಿಲ್ಲಿಸಿ ಇಡ್ಲಿ ತಿಂದೆವು. ದರ್ಶನವಾಯಿತೋ ಇಲ್ಲವೋ ಎಂದು ಇವರು ಕೇಳಿದ್ದಕ್ಕೆ ಅತ್ತೆ, "ಆಯ್ತು, ಚೆನ್ನಾಗೇ ಆಯ್ತು" ಅಂದರು. ನಾನು ಫ್ಲಾಸ್ಕ್ ತೆರೆದು ಇವರಿಗೂ ನನಗೂ ಕಾಫಿ ಬಗ್ಗಿಸಿದೆ. ಹಿಂದಿನಿಂದ ಒಂದು ಸ್ಟೀಲ್ ಲೋಟ ನನ್ನ ಭುಜದ ಪಕ್ಕ ಬಂತು, ಅವರ ಬಿಸಿನೀರಿನ ಲೋಟ.

"ನಂಗೂ ಒಂದಿಷ್ಟು ಹಾಕು."

ನನ್ನ ಕೈ ಅಲ್ಲೇ ನಿಂತಿತು. "ಅತ್ತೆ, ಹರಕೆ…"

ನನಗೆ ಗೊತ್ತಿದೆ ಎಂಬುದು ಅವರಿಗೆ ಗೊತ್ತಾದದ್ದು ಆಗಲೇ. ಲೋಟವನ್ನು ಇನ್ನಷ್ಟು ಮುಂದೆ ಚಾಚಿದರು. "ಮನೆದೇವರ ಹತ್ರ ನಾನು ಮಾತಾಡ್ಕೋತೀನಿ. ನೀನು ಹಾಕಮ್ಮ, ಆರೋಗತ್ತೆ."

ಹಾಕಿದೆ. ಒಂದು ಗುಟುಕು ಕುಡಿದು, ಬಾಯಿ ಚಪ್ಪರಿಸಿ, "ಡಿಕಾಕ್ಷನ್ ನೀರು ನೀರಾಗಿದೆ ಕಣೆ" ಅಂದರು. ಮದುವೆಯಾದ ಮೇಲೆ ಅತ್ತೆ ನನ್ನ ಮೇಲೆ ಬಾಯಿಬಿಟ್ಟು ಹೇಳಿದ ಮೊದಲ ದೂರು ಅದು. ನಾನು ಗೊಳೋ ಎಂದು ಅತ್ತುಬಿಟ್ಟೆ. ಕಾಫಿ ಅಷ್ಟೊಂದು ಕೆಟ್ಟಿದೆಯೇ ಎಂದು ಇವರು ಗಾಬರಿಯಿಂದ ಮತ್ತೊಂದು ಗುಟುಕು ಕುಡಿದು ನೋಡಿದರು.

ಮರುದಿನ ಬೆಳಿಗ್ಗೆ ಫಿಲ್ಟರಿಗೆ ಒಂದು ಚಮಚ ಪುಡಿ ಹೆಚ್ಚು ಹಾಕಿದೆ.